ಕಳವು ನಿರೋಧಕ ವ್ಯವಸ್ಥೆಯೇ ಕಾರನ್ನು ನಿಲ್ಲಿಸಿದಾಗ

ಕಳ್ಳರಿಂದ ಕಾರನ್ನು ಕಾಪಾಡಲೆಂದು ಅಳವಡಿಸಿದ ಸಾಧನವೇ ಮಾಲೀಕನನ್ನು ಕಳ್ಳನೆಂದು ಭಾವಿಸಿ ಎಂಜಿನ್ನನ್ನು ನಿಲ್ಲಿಸುವ ಪ್ರಸಂಗಗಳು ಅಪರೂಪವಲ್ಲ. ಬೆಳಿಗ್ಗೆ ಕಚೇರಿಗೆ ಹೊರಟಾಗ ಎಂಜಿನ್ ಚಾಲನೆಗೊಂಡು ಮರುಕ್ಷಣವೇ ನಿಂತರೆ ಅದು ಕಿರಿಕಿರಿಯ ಸಂಗತಿ ಮಾತ್ರ. ಆದರೆ ಮುಂಬಯಿಯ ಮೇಲ್ಸೇತುವೆಯ ಮೇಲೋ ಪುಣೆಗೆ ಹೋಗುವ ಘಾಟಿಯಲ್ಲೋ ಓಡುತ್ತಿರುವ ಕಾರು ಥಟ್ಟನೆ ನಿಂತರೆ ಪ್ರಾಣಾಪಾಯವೇ ಒದಗಬಹುದು. ಈ ಎರಡಕ್ಕೂ ಕಾರಣ ಸಾಮಾನ್ಯವಾಗಿ ಬೇರೆ ಬೇರೆ. ಆದ್ದರಿಂದ ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಎಂಜಿನ್ ಯಾವ ಗಳಿಗೆಯಲ್ಲಿ, ಯಾವ ರೀತಿಯಲ್ಲಿ ನಿಂತಿತೆಂಬುದನ್ನು ಗಮನಿಸುವುದು ಅತ್ಯಗತ್ಯ.

ವ್ಯವಸ್ಥೆ ಕೆಲಸ ಮಾಡುವ ಬಗೆ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1986ರ ಕಾರ್ವೆಟ್ ಕಾರಿನ ಕೀಲಿಕೈಯಲ್ಲಿ ಒಂದು ಪುಟ್ಟ ವಿದ್ಯುತ್ ರೋಧಕವನ್ನು ಹುದುಗಿಸಿತು. ಹದಿನೈದು ಬೇರೆ ಬೇರೆ ಮೌಲ್ಯಗಳ ರೋಧಕಗಳಿದ್ದವು. ಕಾರಿಗೆ ಒಪ್ಪುವ ಮೌಲ್ಯ ದೊರೆಯದಿದ್ದರೆ ಎಂಜಿನ್ ಚಾಲನೆಗೊಳ್ಳುತ್ತಿರಲಿಲ್ಲ. ಕೀಲಿಕೈ ಸವೆದಂತೆ, ಕೊಳೆ ಸೇರಿದಂತೆ ಅಳತೆ ತಪ್ಪುವುದು ಇದರ ದೌರ್ಬಲ್ಯವಾಗಿತ್ತು. ಮುಂದೆ ಬಂದ ಚಿಪ್ ಕೀಲಿಕೈಗಳಲ್ಲಿ ಲೋಹದ ಸ್ಪರ್ಶದ ಅಗತ್ಯವಿಲ್ಲ. ಇಗ್ನಿಷನ್ ಬೀಗದ ಸುತ್ತ ತಂತಿಯ ಸುರುಳಿಯೊಂದಿರುತ್ತದೆ. ಕೀಲಿಕೈ ತಿರುಗಿಸಿದೊಡನೆ ಸುರುಳಿಯು ಚಿಪ್ಪಿಗೆ ಬೇಕಾದಷ್ಟು ಶಕ್ತಿಯನ್ನು ಗಾಳಿಯಲ್ಲಿಯೇ ರವಾನಿಸುತ್ತದೆ. ಚಿಪ್ಪು ತನ್ನ ಗುಪ್ತ ಸಂಕೇತವನ್ನು ಹಿಂದಿರುಗಿಸುತ್ತದೆ. ಸಂಕೇತವು ಒಪ್ಪಿದರೆ ಎಂಜಿನ್ನಿನ ನಿಯಂತ್ರಕವು ಇಂಧನವನ್ನು ಬಿಡುತ್ತದೆ, ಇಲ್ಲವಾದರೆ ತಡೆಯುತ್ತದೆ. ಬ್ರಿಟನ್ನಿನಲ್ಲಿ 1998ರ ಅಕ್ಟೋಬರ್‌ನಿಂದ ಹೊಸ ಕಾರುಗಳಿಗೆ ಇಂಥ ವ್ಯವಸ್ಥೆ ಕಡ್ಡಾಯವಾಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಬಾಗಿಲು ತೆರೆಯುವ ಗುಂಡಿಗೆ ಶಕ್ತಿ ನೀಡುವ ನಾಣ್ಯದಾಕಾರದ ಬ್ಯಾಟರಿಗೂ ಈ ಚಿಪ್ಪಿಗೂ ಸಂಬಂಧವಿಲ್ಲ. ಬೀಗಕ್ಕೆ ತೂರಿಸಿ ತಿರುಗಿಸುವ ಕೀಲಿಕೈಯಲ್ಲಿ ಆ ಬ್ಯಾಟರಿ ಸತ್ತರೂ ಚಿಪ್ಪು ಕೆಲಸ ಮಾಡುತ್ತದೆ.

ಚಾಲನೆಗೊಂಡು ಒಡನೆಯೇ ನಿಂತರೆ

ಎಂಜಿನ್ ಚಾಲನೆಗೊಂಡು ಪ್ರತಿ ಬಾರಿಯೂ ಒಂದೆರಡು ಸೆಕೆಂಡುಗಳಲ್ಲಿ ನಿಲ್ಲುತ್ತಿದ್ದು, ಫಲಕದ ಮೇಲಿನ ಕೀಲಿಕೈ ಅಥವಾ ಬೀಗದ ಗುರುತಿನ ದೀಪ ಮಿನುಗುತ್ತಿದ್ದರೆ ಸಂಶಯವು ಕಳವು ನಿರೋಧಕ ವ್ಯವಸ್ಥೆಯ ಮೇಲೆ ಹೋಗಬೇಕು. ನಿಲ್ಲಿಸಿ ಬೀಗ ಹಾಕಿದ ಕಾರಿನಲ್ಲಿ ಆ ದೀಪ ನಿಧಾನವಾಗಿ ಮಿನುಗುವುದು ಸಹಜ. ಇಗ್ನಿಷನ್ ಹಾಕಿದ ಮೇಲೂ ಅದು ಆರದಿರುವುದೇ ದೋಷದ ಸೂಚನೆ.

ಮೊದಲು ಮತ್ತೊಂದು ಕೀಲಿಕೈಯನ್ನು ಪರೀಕ್ಷಿಸತಕ್ಕದ್ದು. ಅದರಿಂದ ಎಂಜಿನ್ ನಿಲ್ಲದೆ ಓಡಿದರೆ ದೋಷವು ಮೊದಲನೆಯ ಕೀಲಿಕೈಯಲ್ಲಿದೆ. ಒಂದೇ ಗೊಂಚಲಿನಲ್ಲಿ ಬೇರೊಂದು ವಾಹನದ ಚಿಪ್ ಕೀಲಿಕೈ ಇದ್ದರೆ ಎರಡು ಸಂಕೇತಗಳು ಒಂದಕ್ಕೊಂದು ಅಡ್ಡಿಯಾಗಬಹುದು, ಬೇರ್ಪಡಿಸಿ ನೋಡಬೇಕು. ನನಗೆ ತಿಳಿದ ಒಬ್ಬರು ಕೀಲಿಕೈಯ ಒಡೆದ ಕವಚವನ್ನು ರಸ್ತೆ ಬದಿಯ ಅಂಗಡಿಯೊಂದರಲ್ಲಿ ಬದಲಾಯಿಸಿಕೊಂಡರು. ಮರುದಿನದಿಂದ ಕಾರು ಹಟ ಹಿಡಿಯಿತು. ಇಂಧನ ಪಂಪನ್ನು ಬದಲಾಯಿಸಿ ಸಾಕಷ್ಟು ಹಣ ತೆತ್ತ ಮೇಲೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ಪು ಹಳೆಯ ಕವಚದಲ್ಲಿಯೇ ಉಳಿದುಬಿಟ್ಟಿತ್ತೆಂಬುದು ತಿಳಿಯಿತು. ಆ ಕವಚವು ಅದೃಷ್ಟವಶಾತ್ ಇನ್ನೂ ಮನೆಯ ಕಸದ ಬುಟ್ಟಿಯಲ್ಲಿತ್ತು.

ಎರಡೂ ಕೀಲಿಕೈಗಳಿಂದ ತೊಂದರೆ ಇದ್ದರೆ ಮುಂದಿನ ಸಂಶಯ ಬ್ಯಾಟರಿಯದು. ಪೂರ್ಣ ಶಕ್ತಿಯಿರುವ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟರ್ ತಿರುಗುವಾಗ ಸುಮಾರು 9.6 ವೋಲ್ಟ್‌ಗಿಂತ ಕೆಳಗಿಳಿಯಬಾರದು. ಅದಕ್ಕಿಂತ ಕುಸಿದಾಗ ನಿಯಂತ್ರಕವು ಸಂಕೇತವನ್ನು ಸರಿಯಾಗಿ ಓದಲಾರದೆ ಹೋಗಬಹುದು. ದೆಹಲಿಯ ಚಳಿಯಲ್ಲಿ ಹಳೆಯ ಬ್ಯಾಟರಿ ಬಳಲುವುದೂ, ಮುಂಬಯಿ, ಚೆನ್ನೈಗಳ ಉಪ್ಪುಗಾಳಿಯಲ್ಲಿ ತಂತಿಗಳ ಕೀಲುಗಳಿಗೆ ಕಿಲುಬು ಹಿಡಿಯುವುದೂ ಅನುಭವದ ಮಾತು. ಬ್ಯಾಟರಿಯ ತುದಿಗಳನ್ನು ಸ್ವಚ್ಛಗೊಳಿಸಿ ಬಿಗಿ ಮಾಡಿದ ಮಾತ್ರಕ್ಕೆ ತೊಂದರೆ ಮಾಯವಾಗುವುದುಂಟು. ಅದೂ ಫಲಿಸದಿದ್ದರೆ ಬೀಗದ ಸುತ್ತಲಿನ ಸುರುಳಿ ಅಥವಾ ಅದರ ಜೋಡಣೆ ಕೆಟ್ಟಿರಬಹುದು. ಇದಕ್ಕೆ ಯಂತ್ರದ ಮೂಲಕ ದೋಷಸಂಕೇತವನ್ನು ಓದಬಲ್ಲ ಗ್ಯಾರೇಜೇ ಬೇಕು.

ಓಡುತ್ತಿರುವಾಗಲೇ ನಿಂತರೆ

ಕಾರ್ಖಾನೆಯಲ್ಲಿ ಅಳವಡಿಸಿದ ವ್ಯವಸ್ಥೆಯು ಸಾಮಾನ್ಯವಾಗಿ ಚಾಲನೆಯ ಗಳಿಗೆಯಲ್ಲಿ ಮಾತ್ರ ಕೀಲಿಕೈಯನ್ನು ಪರೀಕ್ಷಿಸುತ್ತದೆ. ಒಮ್ಮೆ ಒಪ್ಪಿದ ಮೇಲೆ ಓಡುವ ಎಂಜಿನ್ನನ್ನು ಅದು ನಿಲ್ಲಿಸುವುದು ವಿರಳ. ಆದುದರಿಂದ ರಸ್ತೆಯ ನಡುವೆ ಕಾರು ನಿಂತರೆ, ಕೊಂಡ ನಂತರ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಅಲಾರಂ ಪೆಟ್ಟಿಗೆಯತ್ತ ನೋಡಬೇಕಾಗುತ್ತದೆ. ಇದನ್ನು ಜೋಡಿಸುವವರು ಇಗ್ನಿಷನ್ನಿನ ಅಥವಾ ಇಂಧನ ಪಂಪಿನ ತಂತಿಯನ್ನು ಕತ್ತರಿಸಿ ನಡುವೆ ಒಂದು ರಿಲೇಯನ್ನು ಸೇರಿಸುತ್ತಾರೆ. ತಂತಿಗಳನ್ನು ಬರಿದೇ ಹೊಸೆದು ಟೇಪು ಸುತ್ತಿದ್ದರೆ ಬೇಸಿಗೆಯ ಕಾವಿಗೆ ಟೇಪಿನ ಅಂಟು ಕರಗುತ್ತದೆ, ರಸ್ತೆಗುಂಡಿಗಳ ಕುಲುಕಾಟಕ್ಕೆ ಹೊಸೆತ ಸಡಿಲಗೊಳ್ಳುತ್ತದೆ. ಅಗ್ಗದ ರಿಲೇಯಾದರೆ ಒಳಗಿನ ಸ್ಪರ್ಶಬಿಂದುಗಳು ಸುಟ್ಟು ಕಪ್ಪಾಗುತ್ತವೆ.

ಇದನ್ನು ಇತರ ದೋಷಗಳಿಂದ ಬೇರ್ಪಡಿಸುವುದು ಕಷ್ಟವಲ್ಲ. ಎಂಜಿನ್ ಮುಗ್ಗರಿಸುತ್ತ, ಬಲಗುಂದುತ್ತ ನಿಂತರೆ ಇಂಧನದ ಫಿಲ್ಟರ್ ಅಥವಾ ಪಂಪನ್ನು ಶಂಕಿಸಬೇಕು. ಫಲಕದ ದೀಪಗಳೆಲ್ಲ ಏಕಕಾಲಕ್ಕೆ ಆರಿದರೆ ಬ್ಯಾಟರಿಯ ಜೋಡಣೆಯನ್ನೋ ಇಗ್ನಿಷನ್ ಸ್ವಿಚ್ಚನ್ನೋ ನೋಡಬೇಕು. ಬಿಸಿಯಾದಾಗ ನಿಂತು, ತಣಿದ ಮೇಲೆ ಮತ್ತೆ ಓಡುವುದಾದರೆ ಕ್ರ್ಯಾಂಕಿನ ಸುತ್ತನ್ನು ಅಳೆಯುವ ಸಂವೇದಕ ಕೆಟ್ಟಿರುವ ಸಂಭವ ಹೆಚ್ಚು. ದೀಪಗಳು ಉರಿಯುತ್ತಲೇ ಇದ್ದು, ಗುಂಡಿಯೊಂದನ್ನು ದಾಟಿದ ಗಳಿಗೆಯಲ್ಲಿ ಸ್ವಿಚ್ ಆರಿಸಿದಂತೆ ಎಂಜಿನ್ ಸ್ತಬ್ಧವಾದರೆ ರಿಲೇಯ ಜೋಡಣೆಯನ್ನು ಮೊದಲು ಬಿಚ್ಚಿಸಿ ನೋಡತಕ್ಕದ್ದು.

ಹಾಗೆ ನಿಂತ ಕ್ಷಣದಲ್ಲಿ ಮಾಡಬೇಕಾದುದನ್ನು ಚಾಲಕನು ಮೊದಲೇ ಅರಿತಿರಬೇಕು. ಕೀಲಿಕೈಯನ್ನು ಎಂದಿಗೂ ಹೊರಗೆ ಎಳೆಯಕೂಡದು, ಸ್ಟೀರಿಂಗ್ ಬೀಗ ಬಿದ್ದುಬಿಡುತ್ತದೆ. ಸ್ಟೀರಿಂಗ್ ಭಾರವಾಗುತ್ತದೆಯೇ ಹೊರತು ತಿರುಗದಿರುವುದಿಲ್ಲ. ಬ್ರೇಕಿನ ನೆರವಿಗಿರುವ ನಿರ್ವಾತವು ಕೆಲವೇ ಬಾರಿಗೆ ಸಾಕಾಗುವಷ್ಟು ಉಳಿದಿರುತ್ತದೆ. ಆದಕಾರಣ ಪೆಡಲನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮನಾಗಿ ಅದುಮಬೇಕು. ಅಪಾಯ ಸೂಚಕ ದೀಪಗಳನ್ನು ಹಾಕಿ, ಉಳಿದಿರುವ ವೇಗದಲ್ಲಿಯೇ ಕಾರನ್ನು ಎಡಬದಿಗೆ ತರಬೇಕು.

ದುರಸ್ತಿ ಮಾಡಿಸುವಾಗ

ರಿಲೇಯ ಎರಡು ತಂತಿಗಳನ್ನು ನೇರವಾಗಿ ಕೂಡಿಸಿ “ಇನ್ನು ತೊಂದರೆ ಇಲ್ಲ” ಎಂದು ಕಳುಹಿಸುವವರುಂಟು. ತೊಂದರೆಯೇನೋ ನಿಲ್ಲುತ್ತದೆ, ಅದರೊಂದಿಗೆ ರಕ್ಷಣೆಯೂ ಹೋಗುತ್ತದೆ. ನನ್ನ ಅಭಿಪ್ರಾಯದಲ್ಲಿ ಉತ್ತಮ ಮಾರ್ಗವೆಂದರೆ, ಕತ್ತರಿಸಿದ ತಂತಿಯನ್ನು ಬೆಸುಗೆ ಹಾಕಿಸಿ ಮೊದಲಿನಂತೆ ಮಾಡಿಸಿ, ಒಳ್ಳೆಯ ರಿಲೇಯೊಂದನ್ನು ಸ್ಟಾರ್ಟರ್ ಮೋಟಾರಿನ ಮಾರ್ಗದಲ್ಲಿ ಕೂಡಿಸುವುದು. ಅಲ್ಲಿ ರಿಲೇ ಕೆಟ್ಟರೂ ಕಾರು ಹೊರಡದೆ ನಿಂತೀತು, ಓಡುವಾಗ ನಿಲ್ಲದು.

ಪುಣೆಯ ಎ.ಆರ್.ಎ.ಐ. ಸಂಸ್ಥೆಯ ಮಾನ್ಯತೆ ಪಡೆದ ಸಾಧನವಿದ್ದ ಕಾರುಗಳಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ ನೀಡುವ ಪದ್ಧತಿ ಉಂಟು. ಅಂಥ ರಿಯಾಯಿತಿ ಪಡೆದವರು ಸಾಧನವನ್ನು ತೆಗೆಸಿದರೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಕಾರು ಕಳುವಾದಾಗ ಪರಿಹಾರ ಕೋರುವವರಿಂದ ಮೂಲ ಕೀಲಿಕೈಗಳನ್ನೆಲ್ಲ ಕೇಳುವುದು ಕಂಪನಿಗಳ ರೂಢಿ. ಆದುದರಿಂದ ಚಿಪ್ಪು ಕೆಟ್ಟ ಹಳೆಯ ಕೀಲಿಕೈಯನ್ನೂ ಎಸೆಯದೆ, ಹೊಸದನ್ನು ಮಾಡಿಸಿದ ರಸೀದಿಯೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.