ಜಮೈಕಾ ಬಾಕ್ಸೈಟ್ ಇನ್‌ಸ್ಟಿಟ್ಯೂಟ್

ಕೆರಿಬಿಯನ್ ದ್ವೀಪರಾಷ್ಟ್ರ ಜಮೈಕಾದ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಮತ್ತು ಅದರಿಂದ ತೆಗೆಯುವ ಅಲ್ಯುಮಿನಾ ಉದ್ಯಮದ ಮೇಲುಸ್ತುವಾರಿಗೆಂದು 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ. ಕೇಂದ್ರ: ಕಿಂಗ್‌ಸ್ಟನ್.

ಹಿನ್ನೆಲೆ ತಿಳಿದರೆ ಇಸವಿ ಮರೆಯುವುದಿಲ್ಲ. ಗಣಿಗಳೆಲ್ಲ ಉತ್ತರ ಅಮೆರಿಕದ ಕಂಪನಿಗಳ ಕೈಯಲ್ಲಿದ್ದವು. ದೇಶದ ಬೊಕ್ಕಸಕ್ಕೆ ಬರುತ್ತಿದ್ದುದು ಅಲ್ಪ. 1974ರಲ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಸರ್ಕಾರ ಅಲ್ಯೂಮಿನಿಯಂ ಬೆಲೆಗೆ ತಳುಕು ಹಾಕಿ ಬಾಕ್ಸೈಟ್ ಲೆವಿ ವಿಧಿಸಿತು. ಆದರೆ ತೆರಿಗೆ ಹಾಕಿದರಷ್ಟೇ ಸಾಲದು, ಕಂಪನಿಗಳೊಡನೆ ಲೆಕ್ಕ ಹಿಡಿದು ಮಾತಾಡಬಲ್ಲ ಸ್ವಂತ ತಜ್ಞರೂ ಬೇಕಿತ್ತು. ಆ ಕೊರತೆ ತುಂಬಿದ್ದು ಈ ಸಂಸ್ಥೆ.

ಕೆಲಸ: ಉದ್ಯಮದ ಮೇಲೆ ನಿಗಾ, ಸರ್ಕಾರಕ್ಕೆ ಸಲಹೆ, ಸಂಶೋಧನೆ, ಅಗೆದ ಭೂಮಿಯ ಪುನಶ್ಚೇತನದ ಪರಿಶೀಲನೆ. ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನಿಂದ ವಿರಳ ಭೂಧಾತು ತೆಗೆಯುವ ಪ್ರಯೋಗವನ್ನೂ ಜಪಾನಿನ ಕಂಪನಿಯೊಂದರ ಜತೆ ನಡೆಸಿದೆ.

ಗಮನಿಸಿ: 1974ರ ಅಂತರರಾಷ್ಟ್ರೀಯ ಬಾಕ್ಸೈಟ್ ಸಂಘವೇ ಬೇರೆ. ಅದು ಉತ್ಪಾದಕ ರಾಷ್ಟ್ರಗಳ ಕೂಟ. ಅದರ ಕೇಂದ್ರವೂ ಕಿಂಗ್‌ಸ್ಟನ್‌ನಲ್ಲೇ ಇತ್ತು.