ಆದೋನಿಯ ಬಾಡಿಗೆ ಮನೆ: ಯಾವ ಕಾಯಿದೆ, ಯಾವ ತೀರ್ಪು?

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ರಾಜ್ಯ ಬದಲಾದರೂ ಕಾನೂನು ಕೂಡಲೇ ಬದಲಾಗಲಿಲ್ಲ. ಆದ್ದರಿಂದ 1950ರ ದಶಕದ ಆದೋನಿ ಬಾಡಿಗೆ ವ್ಯಾಜ್ಯದ ಕುರಿತು ಪ್ರಬಂಧ ಬರೆಯುವವರು ಉಲ್ಲೇಖಿಸಬೇಕಾದದ್ದು ಮದ್ರಾಸ್ ಕಟ್ಟಡಗಳ (ಗೇಣಿ ಮತ್ತು ಬಾಡಿಗೆ ನಿಯಂತ್ರಣ) ಕಾಯಿದೆ, 1949. ಅದನ್ನು ರದ್ದುಪಡಿಸಿದ್ದು ಆಂಧ್ರಪ್ರದೇಶದ 1960ರ ಕಾಯಿದೆ (1960ರ ಕಾಯಿದೆ ಸಂಖ್ಯೆ 15). ಗಡಿಯಾಚೆಯ ಬಳ್ಳಾರಿಗೆ ಬಂದದ್ದು ಮೈಸೂರಿನ 1961ರ ಬಾಡಿಗೆ ನಿಯಂತ್ರಣ ಕಾಯಿದೆ. ಇವೆರಡನ್ನೂ ಅದಲುಬದಲು ಮಾಡುವವರೇ ಹೆಚ್ಚು.

ನೆನಪಿಡಬೇಕಾದ ತೀರ್ಪು: ಮೋಟಾರ್ ಜನರಲ್ ಟ್ರೇಡರ್ಸ್ ವಿರುದ್ಧ ಆಂಧ್ರಪ್ರದೇಶ ಸರ್ಕಾರ. 26-8-1957ರಿಂದ ಈಚೆಗೆ ಕಟ್ಟಿದ ಕಟ್ಟಡಗಳಿಗೆ ವಿನಾಯಿತಿ ನೀಡಿದ್ದ, ಆಂಧ್ರಪ್ರದೇಶದ 1960ರ ಕಾಯಿದೆಯ 32(ಬಿ) ಕಲಮನ್ನು ಸುಪ್ರೀಂ ಕೋರ್ಟ್ 14ನೇ ವಿಧಿಯಡಿ ಅಸಿಂಧುಗೊಳಿಸಿತು. ತೀರ್ಪು ಬರೆದವರು ನಮ್ಮವರೇ ಆದ ಇ.ಎಸ್. ವೆಂಕಟರಾಮಯ್ಯ; ಅವರು ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಉಲ್ಲೇಖ ಹೀಗೆ: ಎಐಆರ್ 1984 ಎಸ್‌ಸಿ 121. ಮೊದಲಿನದು ವರದಿ ಸಂಪುಟದ ಹೆಸರು, ಆಮೇಲೆ ವರದಿಯ ವರ್ಷ, ನ್ಯಾಯಾಲಯ, ಪುಟ. ಪ್ರಶ್ನೆಪತ್ರಿಕೆಯ ಬಲೆ ಇರುವುದು ವರ್ಷದಲ್ಲಿ: ತೀರ್ಪು ಬಂದದ್ದು 1983ರ ಅಕ್ಟೋಬರ್‌ನಲ್ಲಿ. ಇದೇ ತೀರ್ಪು (1984) 1 ಎಸ್‌ಸಿಸಿ 222 ಎಂದೂ ಸಿಗುತ್ತದೆ. ಇಲ್ಲಿ ವರ್ಷ ಆವರಣದೊಳಗೆ, ನಂತರದ 1 ಸಂಪುಟ ಸಂಖ್ಯೆ.

ವಸತಿ ಹಕ್ಕಿಗೆ 21ನೇ ವಿಧಿಯ ಆಧಾರ ಬೇಕಿದ್ದರೆ ಓಲ್ಗಾ ಟೆಲಿಸ್ (1985), ಚಮೇಲಿ ಸಿಂಗ್ (1996) ಪ್ರಕರಣಗಳ ತೀರ್ಪುಗಳು ಸಾಕು. ಉಲ್ಲೇಖದ ಬಗ್ಗೆ ಇನ್ನೊಂದು ಮಾತು: 2023ರಿಂದ ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳಿಗೆ ‘ಐಎನ್‌ಎಸ್‌ಸಿ’ ಎಂಬ ತಟಸ್ಥ ಉಲ್ಲೇಖ ಸಂಖ್ಯೆಯನ್ನೂ ಕೊಡುತ್ತಿದೆ.