ಗಂಟಲಿನ ಕಾವಲು: ವಿಷ ಸೇವಿಸಿದವರಿಗೆ ವಾಂತಿ ಮಾಡಿಸಬಾರದೇಕೆ?

ಒಕ್ಕಲುತನದ ಮನೆಯಲ್ಲಿ ಸೀಮೆಎಣ್ಣೆ, ಡೀಸೆಲ್, ಬೆಳೆಗೆ ಸಿಂಪಡಿಸುವ ಕೀಟನಾಶಕ ಇವೆಲ್ಲ ಮಕ್ಕಳು ಆಡುವ ಜಾಗದ ಸಮೀಪದಲ್ಲಿಯೇ ಇರುವುದುಂಟು. ಮಗು ತಿಳಿಯದೆ ಕುಡಿದುಬಿಡಬಹುದು. ದೊಡ್ಡವರೂ ನೀರಿನ ಬಾಟಲಿಯೆಂದು ಭ್ರಮಿಸಿ, ಇಲ್ಲವೆ ಮನಸ್ಸಿನ ಬೇಗುದಿಯಲ್ಲಿ ಸೇವಿಸಬಹುದು. ಅಂತಹ ಗಳಿಗೆಯಲ್ಲಿ ಮನೆಯವರೂ ನೆರೆಹೊರೆಯವರೂ ಗಂಟಲಿಗೆ ಬೆರಳು ಹಾಕಿಯೋ, ಉಪ್ಪುನೀರು ಕುಡಿಸಿಯೋ ವಾಂತಿ ಮಾಡಿಸಲು ಮುಂದಾಗುತ್ತಾರೆ. ಪ್ರಾಣ ಉಳಿಸಬೇಕೆಂಬ ಸದಾಶಯದಿಂದ ಮಾಡುವ ಈ ಕಾರ್ಯವೇ ಪ್ರಾಣಕ್ಕೆ ಎರವಾಗಬಹುದು. ಅದು ಹೇಗೆಂದು ಅರಿಯಬೇಕಾದರೆ ನಮ್ಮ ಗಂಟಲಿನಲ್ಲಿರುವ ಸ್ವಾಭಾವಿಕ ಕಾವಲನ್ನು ಮೊದಲು ತಿಳಿದುಕೊಳ್ಳಬೇಕು.

ಕಾವಲು ಎಂದರೇನು?

ಹಲ್ಲುಜ್ಜುವಾಗ ಬ್ರಷ್ಷು ಅಥವಾ ಬೆರಳು ನಾಲಿಗೆಯ ಬುಡಕ್ಕೆ ತಗುಲಿದರೆ ಒಡನೆಯೇ ಓಕರಿಕೆ ಬರುವುದನ್ನು ನೀವು ಬಲ್ಲಿರಿ. ಇದನ್ನು ನಾವು ಯೋಚಿಸಿ ಮಾಡುವುದಿಲ್ಲ. ತಡೆಯಬೇಕೆಂದರೂ ಸುಲಭವಾಗಿ ತಡೆಯಲಾಗುವುದಿಲ್ಲ. ಇಂತಹ ತಾನೇತಾನಾಗಿ ನಡೆಯುವ ಕ್ರಿಯೆಗೆ ಪರಾವರ್ತಿತ ಕ್ರಿಯೆ ಎಂದು ಹೆಸರು.

ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ 9ನೆಯದು ಗಂಟಲಿನ ಸ್ಪರ್ಶದ ಸುದ್ದಿಯನ್ನು ಮಿದುಳಿನ ತಳಭಾಗಕ್ಕೆ ಒಯ್ಯುತ್ತದೆ. ಅಲ್ಲಿಂದ 10ನೆಯ ನರವು ಗಂಟಲಿನ ಸ್ನಾಯುಗಳಿಗೆ ಆಜ್ಞೆಯನ್ನು ತರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟಲು ಬಿಗಿದು, ಬಂದ ವಸ್ತುವನ್ನು ಹೊರಕ್ಕೆ ತಳ್ಳುತ್ತದೆ.

ಈ ಕಾವಲಿನ ಅಗತ್ಯವೇನು? ಗಂಟಲಿನಲ್ಲಿ ಎರಡು ದಾರಿಗಳು ಕೂಡುತ್ತವೆ. ಒಂದು ಹೊಟ್ಟೆಗೆ ಹೋಗುವ ಅನ್ನನಾಳ, ಮತ್ತೊಂದು ಉಸಿರು ಹೋಗುವ ಶ್ವಾಸನಾಳ. ಅನ್ನ, ನೀರು, ವಾಂತಿ ಇವುಗಳಲ್ಲಿ ಯಾವುದೂ ಶ್ವಾಸನಾಳವನ್ನು ಹೊಗಕೂಡದು. ಓಕರಿಕೆ ಹೊರಬಾಗಿಲಿನ ಕಾವಲಾದರೆ, ಕೆಮ್ಮು ಒಳಬಾಗಿಲಿನ ಕಾವಲು. ಎರಡೂ ಎಚ್ಚರವಾಗಿದ್ದರೆ ಮಾತ್ರ ಉಸಿರಿನ ದಾರಿ ಸುರಕ್ಷಿತ.

ಕಾವಲು ಯಾವಾಗ ಮಲಗುತ್ತದೆ?

ಪ್ರಜ್ಞೆ ಮಸುಕಾದಂತೆ ಈ ಕಾವಲೂ ಕುಗ್ಗುತ್ತದೆ. ವಿಷ, ಮಿತಿಮೀರಿದ ಮದ್ಯ, ನಿದ್ರೆಮಾತ್ರೆ, ತಲೆಗೆ ಬಿದ್ದ ಪೆಟ್ಟು, ಮೂರ್ಛೆರೋಗ, ಪಾರ್ಶ್ವವಾಯು ಇವೆಲ್ಲವೂ ಅದಕ್ಕೆ ಕಾರಣವಾಗಬಹುದು. ಆಗ ಬಾಯಿಗೆ ಹಾಕಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಆದುದರಿಂದ ಎಚ್ಚರ ತಪ್ಪಿದವರ ಬಾಯಿಗೆ ನೀರಾಗಲಿ, ಹಾಲಾಗಲಿ, ಔಷಧಿಯಾಗಲಿ ಒಂದು ಹನಿಯೂ ಬೀಳಕೂಡದು.

ವಾಂತಿ ಮಾಡಿಸುವುದರಿಂದ ಆಗುವ ಹಾನಿ

ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ ಇವು ಬಲು ತೆಳುವಾದ ದ್ರವಗಳು. ಹೊಟ್ಟೆಯಲ್ಲಿದ್ದಾಗ ಮಾಡುವುದಕ್ಕಿಂತ ಹೆಚ್ಚಿನ ಕೇಡನ್ನು ಇವು ಶ್ವಾಸಕೋಶದಲ್ಲಿ ಮಾಡುತ್ತವೆ. ವಾಂತಿಯಾಗುವಾಗ ಸ್ವಲ್ಪವೇ ಒಳಗೆ ಜಾರಿದರೂ ಶ್ವಾಸಕೋಶವು ಉರಿಗೊಂಡು ಮಗುವಿಗೆ ಏದುಸಿರು, ಜ್ವರ ಕಾಣಿಸಿಕೊಳ್ಳುತ್ತವೆ.

ಆಸಿಡ್ಡು, ಶೌಚಾಲಯ ತೊಳೆಯುವ ದ್ರಾವಣ ಮುಂತಾದವು ಒಳಗೆ ಇಳಿಯುವಾಗ ಅನ್ನನಾಳವನ್ನು ಒಮ್ಮೆ ಸುಡುತ್ತವೆ. ವಾಂತಿ ಮಾಡಿಸಿದರೆ ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತವೆ.

ಹಲವು ಕೀಟನಾಶಕಗಳಿಂದ ಜೊಲ್ಲು, ಬೆವರು ಸುರಿದು, ಕಣ್ಣಿನ ಪಾಪೆ ಕಿರಿದಾಗಿ, ಸ್ನಾಯುಗಳು ಸೋಲುತ್ತವೆ; ಬೇಗನೆ ಪ್ರಜ್ಞೆ ತಪ್ಪಬಹುದು. ವಾಂತಿ ಆರಂಭವಾದಾಗ ಎಚ್ಚರವಿದ್ದವನು ಅದು ಮುಗಿಯುವ ಮೊದಲೇ ಎಚ್ಚರ ತಪ್ಪಿದರೆ, ಆ ವಾಂತಿಯೇ ಉಸಿರುಗಟ್ಟಿಸುತ್ತದೆ.

ಉಪ್ಪುನೀರಂತೂ ತಾನೇ ಅಪಾಯಕಾರಿ. ಹೆಚ್ಚು ಉಪ್ಪು ರಕ್ತಕ್ಕೆ ಸೇರಿದರೆ ಮಿದುಳಿಗೆ ಧಕ್ಕೆಯಾಗುತ್ತದೆ; ಮಕ್ಕಳಲ್ಲಿ ಇದು ಮರಣಕ್ಕೂ ಕಾರಣವಾಗಬಲ್ಲುದು.

ಒಂದು ಕಾಲದಲ್ಲಿ ವೈದ್ಯರೇ ವಾಂತಿಯ ಔಷಧಿಯನ್ನು ಸೂಚಿಸುತ್ತಿದ್ದರು. ಅಮೆರಿಕದಲ್ಲಿ ಮಕ್ಕಳಿರುವ ಮನೆಯಲ್ಲಿ ಇಪೆಕಾಕ್ ಎಂಬ ಪಾನಕವನ್ನು ಇಟ್ಟುಕೊಳ್ಳಬೇಕೆಂಬ ಸಲಹೆಯಿತ್ತು. ಅದರಿಂದ ನಿಜವಾದ ಪ್ರಯೋಜನ ಕಂಡುಬರಲಿಲ್ಲವಾಗಿ, ಅಲ್ಲಿನ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2003ರಲ್ಲಿ ಅದನ್ನು ಮನೆಯಲ್ಲಿ ಬಳಸಬಾರದೆಂದು ತಿಳಿಸಿತು.

ಹಾಗಾದರೆ ಮಾಡಬೇಕಾದುದೇನು?

1. ಕೂಡಲೇ 108ಕ್ಕೆ ಕರೆ ಮಾಡಿರಿ. ವಾಹನ ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿರಿ.

2. ಎಚ್ಚರ ತಪ್ಪಿದ್ದು ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿ ಕೆಳಮುಖವಾಗುವಂತೆ ಮಾಡಿರಿ. ವಾಂತಿ ತಾನಾಗಿಯೇ ಬಂದರೂ ಹೊರಕ್ಕೆ ಹರಿದುಹೋಗುತ್ತದೆ. ಅಂಗಾತ ಮಲಗಿಸಕೂಡದು.

3. ಬಾಯೊಳಗೆ ಕಾಣುವ ವಸ್ತುವನ್ನು ಮಾತ್ರ ತೆಗೆಯಿರಿ. ಗಂಟಲೊಳಕ್ಕೆ ಬೆರಳು ಹಾಕಬೇಡಿರಿ.

4. ಕೀಟನಾಶಕ ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ, ಚರ್ಮವನ್ನು ಸಾಬೂನು ನೀರಿನಿಂದ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು.

5. ಕುಡಿದ ವಸ್ತುವಿನ ಡಬ್ಬಿ ಅಥವಾ ಬಾಟಲಿಯನ್ನು ಆಸ್ಪತ್ರೆಗೆ ಒಯ್ಯಿರಿ. ಅದರ ಹೆಸರು ಮತ್ತು ತ್ರಿಕೋನದ ಬಣ್ಣ ವೈದ್ಯರಿಗೆ ದಾರಿ ತೋರಿಸುತ್ತವೆ. ಕೀಟನಾಶಕಗಳಲ್ಲಿ ಕೆಂಪು ಗುರುತು ಅತ್ಯಂತ ಘೋರವಾದ ವಿಷದ ಸೂಚನೆ.

6. ತಾನಾಗಿಯೇ ಸೇವಿಸಿದವರನ್ನು ನಿಂದಿಸಬೇಡಿರಿ. ಯಾರು ಏಕೆ ಕುಡಿದರೆಂಬ ವಿಚಾರಣೆಗೆ ಅದು ಸಮಯವಲ್ಲ.

ಆಸ್ಪತ್ರೆಯಲ್ಲಿ ನಡೆಯುವುದೇನು?

‘ಬಂದೊಡನೆ ಹೊಟ್ಟೆ ತೊಳೆಯಲಿಲ್ಲವೇಕೆ?’ ಎಂದು ಬಂಧುಗಳು ಕೇಳುವುದುಂಟು. ಹೊಟ್ಟೆ ತೊಳೆಯಲು ಬಾಯಿಂದ ನಳಿಕೆ ಇಳಿಸುವ ಮುನ್ನ, ಗಂಟಲಿನ ಕಾವಲು ಎಚ್ಚರವಿದೆಯೇ ಎಂದು ವೈದ್ಯರು ನೋಡಲೇಬೇಕು. ಆರೋಗ್ಯವಂತರಲ್ಲಿಯೂ ಕೆಲವರಿಗೆ ಓಕರಿಕೆ ಬಾರದಿರುವುದರಿಂದ ಅದೊಂದನ್ನೇ ನಂಬದೆ ಪ್ರಜ್ಞೆ, ಕೆಮ್ಮು, ಉಸಿರು ಎಲ್ಲವನ್ನೂ ಪರೀಕ್ಷಿಸುತ್ತಾರೆ. ಕಾವಲು ಸೋತಿದ್ದರೆ ಮೊದಲು ಶ್ವಾಸನಾಳಕ್ಕೆ ನಳಿಕೆಯಿಟ್ಟು ಉಸಿರಿನ ದಾರಿಯನ್ನು ಭದ್ರಪಡಿಸುತ್ತಾರೆ. ಸೀಮೆಎಣ್ಣೆ, ಆಸಿಡ್ಡು ಕುಡಿದವರಿಗೆ ಸಾಮಾನ್ಯವಾಗಿ ಹೊಟ್ಟೆ ತೊಳೆಯುವುದೇ ಇಲ್ಲ. ಆದುದರಿಂದ ವೈದ್ಯರನ್ನು ಅವಸರಪಡಿಸಬೇಡಿರಿ.

ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವೇಕೆ?

ವಿಷ ಸೇವಿಸಿದವರಂತೆಯೇ, ಅರಿವಳಿಕೆ ಪಡೆದವರಲ್ಲಿಯೂ ಈ ಕಾವಲು ಮಲಗುತ್ತದೆ. ನ್ಯೂಯಾರ್ಕಿನ ಪ್ರಸೂತಿ ವೈದ್ಯ ಕರ್ಟಿಸ್ ಮೆಂಡೆಲ್‌ಸನ್ 1946ರಲ್ಲಿ 44,016 ಗರ್ಭಿಣಿಯರ ದಾಖಲೆಗಳನ್ನು ಆಧರಿಸಿ ಒಂದು ಲೇಖನ ಪ್ರಕಟಿಸಿದರು. ಅವರಲ್ಲಿ 66 ಮಂದಿಗೆ ಹೆರಿಗೆಯ ಅರಿವಳಿಕೆಯ ವೇಳೆ ಹೊಟ್ಟೆಯಲ್ಲಿದ್ದುದು ಶ್ವಾಸಕೋಶವನ್ನು ಹೊಕ್ಕಿತ್ತು. ಗಟ್ಟಿ ಆಹಾರ ಸಿಕ್ಕಿಕೊಂಡು ಉಸಿರುಗಟ್ಟಿ ಇಬ್ಬರು ಮೃತರಾಗಿದ್ದರು.

ಸಿಸೇರಿಯನ್ ಇರಲಿ, ಸಂತಾನಹರಣ ಶಸ್ತ್ರಚಿಕಿತ್ಸೆಯಿರಲಿ, ಹೇಳಿದಷ್ಟು ಹೊತ್ತು ಬರಿಹೊಟ್ಟೆಯಲ್ಲಿರಬೇಕಾದುದು ಈ ಕಾರಣಕ್ಕೆ. ಮೊದಲೇ ಗೊತ್ತಾದ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಆಹಾರವನ್ನು ಕನಿಷ್ಠ 6 ಗಂಟೆ, ಬರಿಯ ನೀರನ್ನು 2 ಗಂಟೆ ಮುಂಚೆ ನಿಲ್ಲಿಸಬೇಕು. ನಿಮ್ಮ ವೈದ್ಯರು ಹೇಳಿದ ಅವಧಿಯೇ ನಿಮಗೆ ಪ್ರಮಾಣ. ಹಾಲು ಹಾಕಿದ ಕಾಫಿ, ಚಹಾ ನೀರಿನ ಲೆಕ್ಕಕ್ಕೆ ಬಾರವು. ‘ನಿತ್ರಾಣವಾದೀತು, ಒಂದು ಇಡ್ಲಿ ತಿನ್ನು’ ಎಂದು ಮನೆಯವರು ಒತ್ತಾಯಿಸಬಾರದು. ಕಣ್ತಪ್ಪಿ ಏನನ್ನಾದರೂ ತಿಂದಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿರಿ.

ಹಸುಗೂಸಿನ ಗಂಟಲು

ಮಗುವಿನಲ್ಲಿ ಓಕರಿಕೆ ನಾಲಿಗೆಯ ಮುಂಭಾಗದಲ್ಲಿಯೇ ಹುಟ್ಟುತ್ತದೆ. ಬೆಳೆದಂತೆ ಹಿಂದಕ್ಕೆ ಸರಿಯುತ್ತದೆ. 6 ತಿಂಗಳು ತುಂಬಿ ಮೆತ್ತನೆಯ ಆಹಾರ ಆರಂಭಿಸಿದಾಗ ಮಗು ಓಕರಿಸಿದರೆ ಗಾಬರಿಯಾಗಬೇಡಿರಿ. ಅದು ಕಾವಲು ಎಚ್ಚರವಿರುವುದರ ಲಕ್ಷಣ. ಆದರೆ ಧ್ವನಿಯೇ ಹೊರಡದೆ, ಕೆಮ್ಮಲಾರದೆ, ತುಟಿ ನೀಲಿಗಟ್ಟಿದರೆ ಉಸಿರು ಸಿಕ್ಕಿಕೊಂಡಿದೆಯೆಂದೇ ತಿಳಿದು ತಕ್ಷಣ ನೆರವು ಪಡೆಯಿರಿ. ಅಳುವ ಮಗುವನ್ನು ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಹರಳೆಣ್ಣೆಯನ್ನೋ ಗಂಜಿಯನ್ನೋ ಸುರಿಯುವುದು ಈ ಕಾವಲನ್ನು ಬಲಾತ್ಕಾರವಾಗಿ ಮುರಿದಂತೆ.

ದಂಪತಿಗಳು ಪರಸ್ಪರ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಸೀಮೆಎಣ್ಣೆ, ಕೀಟನಾಶಕ ಎಲ್ಲಿವೆ? ಅವು ಬೀಗದೊಳಗೆ, ಮಕ್ಕಳ ಕೈಗೆ ಎಟುಕದಂತೆ ಇವೆಯೇ?

2. ಕುಡಿಯುವ ನೀರಿನ ಬಾಟಲಿಯಲ್ಲಿ ಅವನ್ನು ತುಂಬಿಟ್ಟಿದ್ದೇವೆಯೇ?

3. ನಾವು ಹೊಲಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ, ಅಕ್ಕನಿಗೆ ‘ವಾಂತಿ ಮಾಡಿಸಬೇಡಿ, 108ಕ್ಕೆ ಕರೆ ಮಾಡಿ’ ಎಂದು ಹೇಳಿದ್ದೇವೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾದರೆ ಈ ಪಾಠವನ್ನು ಈ ಸಂಜೆಯೇ ಅವರಿಗೆ ಓದಿ ಹೇಳಿರಿ.